ಹಗ್ಗದ ಬಾಲಕ್ಕೆ ಗಂಟು

ಪೋರ್ಸ್‌ಗ್ವೆನ್, ಬ್ರಿಟನಿ
೧೨ ಏಪ್ರಿಲ್ ೧೯೯೬, ಶುಕ್ರವಾರ

ಗುಲ್ವೆನ್‌ಗೆ,

ಸ್ವಾಜಿಗ್ ಬರೆಯುವುದು. ಕ್ಷೇಮವೇ ಎಂದು ಕೇಳುವುದಿಲ್ಲ. ಒಂಬತ್ತು ವರ್ಷ ಕೇಳದ ಹೆಂಡತಿ ಈಗ ಕೇಳಿದರೆ ನಿನಗೇ ನಗು ಬಂದೀತು. ನೇರ ವಿಷಯಕ್ಕೆ ಬರುತ್ತೇನೆ. ಗ್ವೆನ್ನಿಲಿಯನ್ನು ನಾನು ಕೊಂಡುಕೊಂಡೆ. ಹೌದು, ನಮ್ಮದೇ ಹಾಯಿದೋಣಿ. ಊರು ಬಿಡುವಾಗ ನೀನು ಮಾರಿದ್ದೆಯಲ್ಲ, ಆ ಮಾಸ್ತರರು ಅದನ್ನು ಒಂದು ದಿನವೂ ನೀರಿಗಿಳಿಸಲಿಲ್ಲವಂತೆ. ಕೊಟ್ಟಿಗೆಯಲ್ಲಿ ಕವುಚಿ ಹಾಕಿದ್ದರು. ಮೈತುಂಬ ಕೋಳಿ ಹಿಕ್ಕೆ, ತೊಳೆಯಲು ಎರಡು ದಿನ ಹಿಡಿಯಿತು. ಹಲಗೆಗಳು ಗಟ್ಟಿಯಾಗಿವೆ. ಹಾಯಿ, ರಾಟೆ, ಹಗ್ಗ ಎಲ್ಲ ನೀನು ತುಂಬಿಕೊಟ್ಟ ಚೀಲದಲ್ಲಿ ಹಾಗೆಯೇ ಇದ್ದವು. ಚೀಲದ ಬಾಯಿಯನ್ನೂ ಯಾರೂ ಬಿಚ್ಚಿರಲಿಲ್ಲ.

ಕಂಬ ನಿಲ್ಲಿಸಿ ತಂತಿ ಬಿಗಿಯುವುದು ಸಲೀಸಾಯಿತು. ಗೋಳು ಹೊಯ್ದುಕೊಂಡದ್ದು ದೊಡ್ಡ ಹಾಯಿಯ ಹಗ್ಗ. ಹನ್ನೊಂದು ವರ್ಷ ನಿನ್ನೊಂದಿಗೆ ದೋಣಿಯಲ್ಲಿ ಕೂತಿದ್ದೇನೆ. ಆ ಹಗ್ಗವನ್ನು ನನ್ನ ಕೈಗೆ ಕೊಟ್ಟದ್ದು ಒಂದೇ ಸಲ. ಉಳಿದಂತೆ ನಾನಾಯಿತು, ಮುಂದಿನ ಸಣ್ಣ ಹಾಯಿಯಾಯಿತು. ಹಾಗಾಗಿ ಯಾವ ರಾಟೆಯ ನಂತರ ಯಾವುದು ಎಂಬುದೇ ತಿಳಿಯದು. ಮೊದಲ ದಿನ ಪೋಣಿಸಿದ್ದೆಲ್ಲ ಒಂದಕ್ಕೊಂದು ಉಜ್ಜಿಕೊಂಡು ಜಡೆಯಾಯಿತು. ಹಾಯಿ ಹೊಲಿಯುವ ಮುದುಕ ಫಾಂಶ್ ಕೈಕಟ್ಟಿಕೊಂಡು ನೋಡುತ್ತಿದ್ದ. "ಏನಮ್ಮಾ ಸ್ವಾಜಿಗ್, ದೋಣಿ ಕಟ್ತಿದ್ದೀಯೋ, ಸ್ವೆಟರ್ ಹೆಣೀತಿದ್ದೀಯೋ?" ಅಂದ. ಹೇಳಿಕೊಡಪ್ಪಾ ಅಂದರೆ, "ಹೇಳ್ಕೊಟ್ರೆ ಬರಲ್ಲ. ಬಿಚ್ಚಿ ಮತ್ತೆ ಹಾಕು" ಅಂದು ಪೈಪು ಹಚ್ಚಿಕೊಂಡ.

ಮೂರನೆಯ ದಿನ ಕೂಡಿಬಂತು. ಹಾಯಿಯ ಬುಡದ ಅಡ್ಡಕೋಲಿನ ತುದಿಯ ಬಳೆಗೆ ಒಂದು ಕೊನೆ ಬಿಗಿದು, ಹಿಂಬದಿಯ ಪಟ್ಟಿಯ ಮೇಲೆ ಓಡುವ ರಾಟೆಗೆ ಇಳಿಸಿ, ಮತ್ತೆ ಕೋಲಿಗೆ ಏರಿಸಿ, ಅದರುದ್ದಕ್ಕೂ ಮುಂದೆ ತಂದು, ದೋಣಿಯ ನಡುವಿನ ರಾಟೆಯಿಂದ ಕೈಗೆ. ಎಳೆದರೆ ಹಾಯಿ ಒಳಗೆ, ಬಿಟ್ಟರೆ ಹೊರಗೆ. ಹಳೆಯ ಹಗ್ಗವನ್ನೇ ಹಾಕಿದ್ದೆ. ಹಾಯಿ ಪೂರ್ತಿ ಹೊರಗೆ ಹೋಗುವ ಮೊದಲೇ ಅದು ಮುಗಿದುಹೋಯಿತು. ಒಂದು ಮೊಳಕ್ಕಿಂತ ಹೆಚ್ಚೇ ಕಡಿಮೆ. ಇಷ್ಟು ವರ್ಷಕ್ಕೆ ಕುಗ್ಗಿರಬೇಕೆಂದು ಮೂಲೆಗೆ ಎಸೆದು, ಹೊಸದು ತಂದು ಪೋಣಿಸಿದೆ.

ಆಮೇಲೆ ಆ ಹೊಸ ಹಗ್ಗದ ಬಾಲದಿಂದ ಒಂದು ಮೊಳ ಒಳಗೆ ಗಂಟು ಹಾಕಿದೆ.

ಫಾಂಶ್ ಕುಳಿತಲ್ಲಿಂದಲೇ ಕೂಗಿದ. "ಏಯ್, ಏನದು? ಈ ರೇವಲ್ಲಿ ದೊಡ್ಡ ಹಾಯಿ ಹಗ್ಗಕ್ಕೆ ಗಂಟು ಹಾಕಿದೋರುಂಟಾ? ಬಿಚ್ಚು ಮೊದ್ಲು! ಬಿರುಗಾಳಿ ಬಂದ್ರೆ ಹಗ್ಗ ಪೂರಾ ಓಡಿಹೋಗ್ಬೇಕು!" ಗೊತ್ತು, ಸುಮ್ಮನೆ ನೋಡುತ್ತಿದ್ದೇನೆ ಅಂದೆ. ದೋಣಿ ಕೂರಿಸಿದ್ದ ತಳ್ಳುಗಾಡಿಯ ಮೇಲೇ ಹಾಯಿ ಏರಿಸಿ, ಗಾಳಿ ತುಂಬಿದಾಗ ಹಗ್ಗ ಕೈಬಿಟ್ಟೆ. ಸರ್ರನೆ ಓಡಿ ಗಂಟು ರಾಟೆಗೆ ಟಕ್ಕನೆ ಕಚ್ಚಿತು. ಹಾಯಿ ಗಾಳಿ ಚೆಲ್ಲಲಿಲ್ಲ. ಗಾಡಿ ಸಮೇತ ದೋಣಿ ವಾಲಿತು, ಫಾಂಶ್ ಬಂದು ಮೈಕೊಟ್ಟು ತಡೆಯದಿದ್ದರೆ ಉರುಳುತ್ತಿತ್ತು. ಅವನು ಬೈದದ್ದನ್ನು ಇಲ್ಲಿ ಬರೆಯಲಾರೆ.

ಇದನ್ನು ನೋಡುವುದಕ್ಕೇ ನಾನು ದೋಣಿ ಕೊಂಡದ್ದು, ಗುಲ್ವೆನ್. ಗಂಟಿದ್ದರೂ ದೋಣಿ ಮಗುಚುವುದಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಮಗುಚುತ್ತದೆ.

ನೀನು ಹಗ್ಗ ಕೊಟ್ಟ ಆ ಒಂದು ಸಲ ನೆನಪಿದೆಯಾ? ನಾನು ಕೈಬಿಟ್ಟೆ, ಹಗ್ಗ ಎಲ್ಲ ರಾಟೆಗಳಿಂದಲೂ ಜಾರಿ ನೀರಿಗೆ ಬಿತ್ತು. ನಿನ್ನ ತಮ್ಮ ಮಾಲೋ ಹೊಟ್ಟೆ ಹಿಡಿದು ನಕ್ಕ. "ಅತ್ತಿಗೇ, ಹಗ್ಗ ಅಮೆರಿಕಾಗೆ ಹೋಯ್ತು, ಕಾಗ್ದ ಹಾಕ್ತದಂತೆ!" ಅಂತ ವಾರಪೂರ್ತಿ ಕಾಡಿದ. ಮುಂದಿನ ಭಾನುವಾರ ನೀವಿಬ್ಬರೂ ಕಾಫಿ ಕುಡಿಯುತ್ತಿದ್ದಾಗ ನಾನು ಮೊದಲೇ ರೇವಿಗೆ ಹೋಗಿ ಗಂಟು ಹಾಕಿದೆ. ಅವನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೇ. ಯಾರಿಗೂ ಹೇಳಲಿಲ್ಲ.

ಅಂದೇ ಮೂತಿಬಂಡೆಯ ಹತ್ತಿರ ಗಾಳಿ ಬಡಿದಾಗ ನೀನು ಹಗ್ಗ ಬಿಟ್ಟೆ. ನಿನ್ನ ಖಾಲಿ ಅಂಗೈಯನ್ನು ನಾನು ಕಣ್ಣಾರೆ ಕಂಡೆ. ದೋಣಿ ಮಗುಚಿತು, ಮಾಲೋ ಹಾಯಿಯ ಕೆಳಗೆ ಸಿಕ್ಕಿಕೊಂಡ. ಆಮೇಲೆ ವಿಚಾರಣೆಯಲ್ಲಿ ನೀನು, "ಹಗ್ಗವನ್ನು ನಾನೇ ಕಟ್ಟಿಟ್ಟಿದ್ದೆ, ತಪ್ಪು ನನ್ನದು" ಅಂದೆ. ಗಾಬರಿಯಲ್ಲಿ ನಿನಗೇ ಹಾಗನ್ನಿಸಿರಬೇಕು ಎಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಆಮೇಲೆ ನಿನ್ನ ಮುಖ ನೋಡಲಾಗದೆ ಉಪ್ಪಿಗೊಂದು ಸೊಪ್ಪಿಗೊಂದು ಜಗಳ ತೆಗೆದೆ. ನೀನು ಸಮುದ್ರವೇ ಇಲ್ಲದ ಊರಿಗೆ ಹೊರಟುಹೋದೆ.

ಪ್ರತಿ ಭಾನುವಾರ ನಿಮ್ಮಮ್ಮನ ಮನೆಯಲ್ಲಿ ನನ್ನ ಊಟ. ಬಿಸಿ ಗಾಲೆತ್ ದೋಸೆಗೆ ಉಪ್ಪುಬೆಣ್ಣೆ ಸವರಿ, "ತಿನ್ನೇ ಮಗಳೇ, ನನಗುಳಿದೋಳು ನೀನೊಬ್ಬಳೇ" ಅನ್ನುತ್ತಾರೆ. ನಿನ್ನ ಹೆಸರೆತ್ತಿದರೆ, "ಹಗ್ಗ ಕಟ್ಟಿ ತಮ್ಮನ್ನ ಮುಳುಗಿಸ್ದೋನ ಸುದ್ದಿ ನನಗ್ಯಾಕೆ?" ನಾನು ತಲೆ ತಗ್ಗಿಸಿ ತಿನ್ನುತ್ತೇನೆ. ಚೆನ್ನಾಗಿ ತಿನ್ನುತ್ತೇನೆ, ಅದೇ ನಾಚಿಕೆ. ಈ ಚಳಿಗಾಲ ಅವರು ಹಾಸಿಗೆ ಹಿಡಿದು ಎದ್ದರು. ಎಂಬತ್ತಾಯಿತು. ಇನ್ನೊಂದು ಚಳಿ ತಡೆಯಲಾರರು ಎಂದು ಡಾಕ್ಟರ್ ಹೇಳಿದ್ದಾರೆ.

ನಾಡಿದ್ದು ಭಾನುವಾರ ಅವರಿಗೆ ಎಲ್ಲ ಹೇಳುತ್ತೇನೆ. ತಟ್ಟೆ ಹಾಕುವ ಮೊದಲೇ ಹೇಳುತ್ತೇನೆ. ಆಮೇಲೆ ಆ ಬಾಗಿಲು ನನಗೆ ಮುಚ್ಚಬಹುದು. ನಿನಗೆ ತೆರೆಯಬೇಕು. ಅವರನ್ನು ಬಿಟ್ಟರೆ ನನಗೆ ಇಲ್ಲಿ ಯಾರೂ ಇಲ್ಲ, ಭಯವಾಗುತ್ತಿದೆ. ಆದರೂ ಹೇಳುತ್ತೇನೆ. ಮೊದಲು ನಿನಗೆ ತಿಳಿಯಲಿ ಎಂದು ಈ ಕಾಗದ. ಕ್ಷಮಿಸು ಎನ್ನುವಷ್ಟು ಮುಖವಿಲ್ಲ.

ಹೊಸ ಹಗ್ಗದ ಗಂಟು ಬಿಚ್ಚಿದ್ದೇನೆ.

ಇಂತಿ,
ಸ್ವಾಜಿಗ್

ತಾಜಾಕಲಂ: ಲಕೋಟೆ ಅಂಟಿಸುವ ಮೊದಲು, ಆ ಹಳೆಯ ಹಗ್ಗವನ್ನು ಸುತ್ತಿಡೋಣವೆಂದು ಕೈಗೆತ್ತಿಕೊಂಡೆ. ಅದು ಕುಗ್ಗಿಲ್ಲ. ಬಾಲವನ್ನು ಚಾಕುವಿನಿಂದ ಕತ್ತರಿಸಲಾಗಿದೆ, ಎಳೆಗಳು ಬಿಚ್ಚಿಕೊಂಡಿವೆ. ಬೂಟಿನ ಲಾಡಿ ಕತ್ತರಿಸಿದರೂ ತುದಿ ಸುಟ್ಟು ಮೊಂಡು ಮಾಡುವವನು ನೀನು, ಇದಕ್ಕೆ ಮಾತ್ರ ಪುರುಸೊತ್ತು ಸಿಕ್ಕಿಲ್ಲ. ಅಂದು ನಾನು ಮಾಲೋ ಜೊತೆ ಆಂಬುಲೆನ್ಸ್ ಹತ್ತಿದೆ. ದಡಕ್ಕೆಳೆದ ದೋಣಿಯ ಹತ್ತಿರ, ಅಧಿಕಾರಿಗಳು ಬರುವ ತನಕ, ಉಳಿದವನು ನೀನೊಬ್ಬನೇ. ಒಂಬತ್ತು ವರ್ಷ ನಿನ್ನಿಂದ ಬಚ್ಚಿಟ್ಟೆ ಎಂದುಕೊಂಡಿದ್ದ ಗಂಟು ನಿನ್ನ ಜೇಬಿನಲ್ಲೇ ಇತ್ತು.