ಕುರಿ ಸುಬೇದಾರ

ಕಾಲೇಜ್ ಹಾಸ್ಟೆಲ್, ರತ್ನಾಗಿರಿ
20 ಡಿಸೆಂಬರ್ 1950

ಅವ್ವನಿಗೆ ಜ್ಞಾನೇಶ್ವರನ ನಮಸ್ಕಾರ.

ಈ ಪತ್ರವನ್ನು ಶಿವರಾಜಪ್ಪ ಮಾಸ್ತರರ ಕಡೆ ಓದಿಸಬೇಡ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ನೀನೇ ಓದು. ನನ್ನ ತಬ್ಯೇತ್ ಸರಿಯಿದೆ. ಪರೀಕ್ಷೆಯ ರಿಸಲ್ಟ್ ಇನ್ನೂ ಬಂದಿಲ್ಲ.

ಮೊನ್ನೆ ಫಸ್ಟ್ ಇಯರ್‌ನವರನ್ನು ಇಲ್ಲಿಯ ಗುಡ್ಡದ ಕೋಟೆಗೆ ಕರೆದೊಯ್ದರು. ನಮ್ಮ ಬೀದರ ಕೋಟೆಯ ಹಾಗೆ ಇದೂ ಬಹಮನಿಯವರ ಕಾಲದ್ದಂತೆ. ಕೆಳಗೆ ಹಡಗಿನ ಬಂದರು, ಊರಿನ ಕೆಂಪು ಹೆಂಚು, ಉಳಿದದ್ದೆಲ್ಲ ನೀರು. ದೂರದಲ್ಲಿ ಒಂದು ಚುಕ್ಕೆ ಕಂಡಿತು. ಸ್ಟೀಮರ್ ಎಂದು ಕೂಗಿಬಿಟ್ಟೆ. ಹತ್ತಿರ ಬಂದಾಗ ಮೀನಿನ ದೋಣಿ. ಎಲ್ಲರೂ ನಕ್ಕರು. ನನ್ನ ರೂಮಿನ ಹಬೀಬ, ಭಾಲ್ಕಿಯವನು, "ಏನ್ಲೇ ಕ್ಯಾಪ್ಟನ್, ಟಿಕೀಟ್ ತಗೀಲೇನು?" ಅಂದ.

ಸ್ವಲ್ಪ ಹೊತ್ತಿಗೆ ಇನ್ನೊಂದು ಚುಕ್ಕೆ. ಅದರ ಹೊಗೆಯನ್ನು ಮೊದಲು ಕಂಡವನು ನಾನೇ. ಬಾಯಿ ತೆರೆಯಲಿಲ್ಲ. ಮುಂಬೈ ಸ್ಟೀಮರ್ ಬಂದರಿಗೆ ಬಂತು. ಯಾರಿಗೂ ಏನೂ ಆಗಲಿಲ್ಲ.

ಪೊಲೀಸ್ ಆಕ್ಷನ್‌ಗೆ ಮುಂಚಿನ ಬೇಸಿಗೆಯಲ್ಲಿ ದತ್ತಾತ್ರಿ ಕಾಕಾ ನಮ್ಮೂರ ಬುರುಜಿನ ಮೇಲೆ ಕಾವಲಿದ್ದ. ಧೂಳು ಕಂಡು, ರಜಾಕಾರರು ಬಂದರೆಂದು ಹಲಗೆ ಬಡಿದ. ಊರೆಲ್ಲ ಹಳ್ಳಕ್ಕೆ ಓಡಿತು. ಬಂದದ್ದು ನಮ್ಮವೇ ಕುರಿ. ಅಂದಿನಿಂದ ಅವನು ಕುರಿ ಸುಬೇದಾರ. ನೀನೂ ರೊಟ್ಟಿ ಬಡಿಸುತ್ತ, "ಬರ್ರಿ ಸುಬೇದಾರ್ರ, ಇವತ್ತ ಎಷ್ಟ್ ಕುರಿ ಹಿಡದ್ರಿ?" ಎನ್ನುತ್ತಿದ್ದೆ. ಅಪ್ಪ ಕೆಮ್ಮುವವರೆಗೂ ನಗುತ್ತಿದ್ದ.

ಮುಂದಿನ ಸಂತೆಯ ದಿನ ಮತ್ತೆ ಧೂಳು ಎದ್ದಿತು. ಕಾಕಾ ಕಂಡ. ಕುರಿಯೇ ಇರಬಹುದೆಂದು ಕಾದ. ಈ ಸಲ ರಜಾಕಾರರೇ ಬಂದರು. ಅಪ್ಪ ಮನೆಯ ಬಾಗಿಲಲ್ಲೇ ಸತ್ತ.

"ಕಂಡೂ ಸುಮ್ನ ಕುಂತಾನ" ಎನ್ನುತ್ತೀ ನೀನು. ನಿಜ, ಅವ್ವ. ನಾನೂ ಸುಮ್ಮನೆ ಕುಳಿತೆ, ಬರೀ ಒಂದು ಸ್ಟೀಮರಿಗೆ.

ಎಳ್ಳಮಾವಾಸ್ಯೆಗೆ ದಾರಿಹೋಕರನ್ನೂ ಹೊಲಕ್ಕೆ ಕರೆದು ಭಜ್ಜಿ, ಅಂಬಲಿ ಬಡಿಸುತ್ತೀ. ಪಕ್ಕದ ಹೊಲದ ಕಾಕಾನನ್ನು, ನಿನ್ನ ಸ್ವಂತ ಮೈದುನನನ್ನು ಮಾತ್ರ ಎರಡು ವರ್ಷದಿಂದ ಕರೆದಿಲ್ಲ. ಅವನು ಬದುವಿನ ಆಚೆ, ನಮ್ಮ ಕಡೆ ಬೆನ್ನು ಮಾಡಿ, ಒಬ್ಬನೇ ಬುತ್ತಿ ಬಿಚ್ಚುತ್ತಾನೆ. ಈ ಸಲ ಕರೆ. ಕೋಟೆ ನೋಡಿ ಬಂದವನು ಹೇಳುತ್ತಿದ್ದೇನೆ, ಮತ್ತೇನಿಲ್ಲ.

ನಿನ್ನ
ಜ್ಞಾನೇಶ್ವರ

ತಾ.ಕ.: ಇದೇ ಟಪಾಲಿನಲ್ಲಿ ಕಾಕಾನಿಗೂ ಒಂದು ಕಾರ್ಡು ಹಾಕಿದ್ದೇನೆ. ಎಳ್ಳಮಾವಾಸ್ಯೆಗೆ ಅವ್ವ ನಿನ್ನನ್ನು ಕರೆದಿದ್ದಾಳೆ ಎಂದು ಬರೆದೆ. ಅವನು ನಂಬಿ, ಬದು ದಾಟಿ ಬರುತ್ತಾನೆ. ಆಗ ಏನಂತ ಮಾತಾಡಿಸುತ್ತೀಯೋ ನಿನಗೆ ಬಿಟ್ಟದ್ದು. ಸುಬೇದಾರ ಅಂತ ಮಾತ್ರ ಬೇಡ.