ಮನೆಯೊಳಗಿನ ಕಿವಿ

ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕದಿಂದ,
ತಾ. ೧೪, ಗುರುವಾರ ಬೆಳಿಗ್ಗೆ

ನನ್ನ ಮೊಂಡಿ ತಂಗೀ,

ಹೇಗಿದ್ದೀಯೆ? ನಿನ್ನ ಆ ಗಂಡ ತಿರುಚಿದ ಮುಂಗೈ ನೋವು ಇಳಿಯಿತಾ? ಹೊಟ್ಟೆಗೆ ಸರಿಯಾಗಿ ತಿನ್ನು, ಸಿಟ್ಟು ಊಟವಲ್ಲ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಗಟ್ಟಿಯಾಗಿದ್ದಾಳೆ, ಆ ಹಾಳು ಕೆಮ್ಮು ಕೂಡ ಬಿಟ್ಟಿದೆ. ಮೇಲ್ ಬಿಟ್ಟು ಅಕ್ಕ ಯಾಕೆ ಕಾಗದ ಹಿಡಿದಳು ಅಂತ ನಿನಗೆ ಆಶ್ಚರ್ಯವಾಗಬಹುದು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇನ್ನು ಒಂದಕ್ಷರವನ್ನೂ ಒತ್ತುವುದಿಲ್ಲ. ಇದನ್ನು ಕಾಜಾ ಅಕ್ಕ ಕೈಯಾರೆ ತರುತ್ತಾಳೆ. ನಿನಗೆ ಹೊಸ ಜಾಗ ಹುಡುಕಿಕೊಟ್ಟವಳು ಅವಳೇ ತಾನೇ? ಇಡೀ ಗಾರ್ಮೆಂಟ್ಸಿನಲ್ಲಿ ಗುಂಡಿಗೆ ಕಾಜಾ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಬಾಯಿ ಹೊಲಿದುಕೊಂಡಿರುವುದರಲ್ಲೂ ಇಲ್ಲ. ಆ ಜಾಗ ಎಲ್ಲಿ ಅಂತ ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಹೋದ ವಾರ ನೀನು ಬರೆದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ. "ನಮ್ಮ ಮನೆಯೊಳಗೇ ಯಾರೋ ಅವನಿಗೆ ಹೇಳ್ತಿದ್ದಾರೆ ಅಕ್ಕ, ಇನ್ನು ನಿಮಗೂ ವಿಳಾಸ ಕೊಡಲ್ಲ." ನಿನ್ನ ಸಿಟ್ಟು ಸುಳ್ಳಲ್ಲ. ಹಾಸ್ಟೆಲಿನ ಗೇಟಿಗೆ ಬಂದ, ವಾರ್ಡನ್ ಪೊರಕೆ ಹಿಡಿದು ಓಡಿಸಿದರು. ನೀನು ರೂಮು ಬದಲಾಯಿಸಿದೆ, ಅಲ್ಲಿಯೂ ಬೀದಿಯ ತುದಿಯಲ್ಲಿ ಬೈಕ್ ನಿಲ್ಲಿಸಿಕೊಂಡು ನಿಂತ. ಹೇಳಿದ್ದು ಯಾರು? ಗೊತ್ತಿದ್ದವರು ನಾನು ಮತ್ತು ಅಮ್ಮ ಇಬ್ಬರೇ. ನೀನು ಹೆಸರು ಹೇಳಲಿಲ್ಲ, ಆದರೆ ನಿನ್ನ ಬೆರಳು ಅಮ್ಮನ ಕಡೆಗಿತ್ತು. "ಅಳಿಯಂದಿರು, ಅಳಿಯಂದಿರು" ಅಂತ ಅವನನ್ನು ತಲೆಯ ಮೇಲೆ ಹೊತ್ತು ಕುಣಿದವಳು ಅವಳೇ ಅಲ್ಲವಾ? ನಿನ್ನ ಮಾತನ್ನು ಓದಿ ಹೇಳಿದಾಗ ಅಮ್ಮ ಅರ್ಧ ಹೊಲಿದ ಕಾಲರನ್ನು ಬಿಟ್ಟು ಎದ್ದು ಹೋದಳು. ಅವತ್ತಿನಿಂದ ಮಿಷನ್ ಮುಟ್ಟಿಲ್ಲ. ನಾನೂ ಪಾಪಿ, ಎದುರು ಮನೆಯ ಚಿಕ್ಕಮ್ಮನೇ ಕದ್ದು ಕೇಳಿ ಹೇಳಿರಬೇಕು ಅಂತ ಅವಳ ಜತೆ ಬೀದಿಯಲ್ಲೇ ಕಚ್ಚಾಡಿದೆ. ಅವಳು ಹಾಕಿದ ಶಾಪಕ್ಕೆ ನಲ್ಲಿಯ ನೀರೂ ನಿಂತಿರಬೇಕು!

ಕೇಳು, ಹೇಳಿದ್ದು ಯಾರೂ ಅಲ್ಲ, ಕಂಪ್ಯೂಟರ್. ಯೂನಿಯನ್ನಿನ ಕರಪತ್ರ ಅಚ್ಚು ಮಾಡಬೇಕಿತ್ತು, ಅದು ಹೆಜ್ಜೆಹೆಜ್ಜೆಗೂ ತೂಕಡಿಸುತ್ತಿತ್ತು. ಹೊತ್ತುಕೊಂಡು ಹೋಗಿ ಮೂಲೆಯಂಗಡಿಯ ರಿಪೇರಿಯವಳ ಮುಂದಿಟ್ಟೆ. "ವೈರಸ್ ಬಂದಿದೆ, ತೊಳೆದುಕೊಡಮ್ಮ" ಅಂದೆ. ನನಗೆ ಎಲ್ಲವೂ ವೈರಸ್ಸೇ. ಅವಳು ನಕ್ಕು, "ನಿಮ್ಮ ಕಾರ್ಖಾನೇಲಿ ಓನರು, ಸೂಪರ್‌ವೈಸರು, ಗೇಟಿನೋನು ಎಲ್ಲಾ ಒಂದೇನಾ ಅಕ್ಕ? ಇಲ್ಲೂ ಹಂಗೇ, ಬೇರೆ ಬೇರೆ ಜಾತಿ ಕಳ್ಳರು" ಅಂದಳು. ವೈರಸ್ ಇನ್ನೊಂದು ಫೈಲಿಗೆ ಅಂಟಿಕೊಂಡು ಕೂತಿರುತ್ತದಂತೆ. ನಾವು ಅದನ್ನು ತೆರೆದರೇ ಅದಕ್ಕೆ ಜೀವ, ಪೆನ್ ಡ್ರೈವಿನಲ್ಲಿ ಮನೆಮನೆಗೆ ಹೊತ್ತು ಹಂಚುವವರೂ ನಾವೇ. ವರ್ಮ್ ಅನ್ನುವ ಹುಳುವಿಗೆ ನಮ್ಮ ಕೈಯೂ ಬೇಡ, ನೆಟ್ಟಿನ ವೈರು ಹಿಡಿದು ತಾನೇ ಹರಿದಾಡುತ್ತದೆ, ಲೇಆಫ್ ಸುದ್ದಿ ಶೆಡ್ಡಿನಿಂದ ಶೆಡ್ಡಿಗೆ ಹಬ್ಬಿದ ಹಾಗೆ. ಇನ್ನೊಂದು ನಮ್ಮದೇ ಫೈಲುಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು ದುಡ್ಡು ತಾ ಅನ್ನುತ್ತದೆ. ಅದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ನಾವು ಹೊಲಿದ ಬಟ್ಟೆಯನ್ನು ಒಳಗಿಟ್ಟು ನಮ್ಮನ್ನೇ ಹೊರಹಾಕಿ ಗೇಟಿಗೆ ಬೀಗ ಹಾಕಿದ ಮಾಲೀಕನ ಮುಖ ಕಣ್ಣಮುಂದೆ ಬಂತು.

ಆಮೇಲೆ ಅವಳ ನಗು ನಿಂತಿತು. "ಅವೆಲ್ಲ ಗದ್ದಲ ಮಾಡೋ ಕಳ್ಳರು ಅಕ್ಕ. ನಿಮ್ಮನೇಲಿರೋದು ಉಸಿರೂ ಬಿಡಲ್ಲ. ಈ ಫೋಟೋ ಆಲ್ಬಮ್ ಹಾಕಿದ್ದು ಯಾರು?" ನೀನು ಅವನ ಮನೆ ಬಿಟ್ಟ ಮೇಲೆ ಅವನು ಅಳುತ್ತಾ ಬಂದು ಅಮ್ಮನ ಕೈಗೆ ಪೆನ್ ಡ್ರೈವ್ ಕೊಟ್ಟು ಹೋಗಿದ್ದನಲ್ಲ, "ಮದುವೆ ಫೋಟೋ ಎಲ್ಲಾ ಇದೆ ಅತ್ತೆ, ನೋಡ್ತಾ ಇರಿ, ಅವಳಿಗೂ ಬುದ್ಧಿ ಬರಲಿ" ಅಂತ. ಅಮ್ಮ ಒತ್ತಿದಳು, ಹಾಡಿನ ಜತೆ ಫೋಟೋ ಓಡಿದವು, ಅಮ್ಮ ಅತ್ತಳು. ಅವಳು ಅಳುತ್ತಿರುವಾಗಲೇ ಅದು ಒಳಗೆ ಇಳಿದು ಕೂತಿತು. ಹೀಗೆ ಒಳ್ಳೆಯವರ ವೇಷದಲ್ಲಿ ಬರುವುದಕ್ಕೆ ಟ್ರೋಜನ್ ಅನ್ನುತ್ತಾರಂತೆ. ಮುಷ್ಕರದಲ್ಲಿ ನಮಗಿಂತ ಜೋರಾಗಿ ಘೋಷಣೆ ಕೂಗಿ, ಸಂಜೆ ಮ್ಯಾನೇಜರಿಗೆ ನಮ್ಮ ಹೆಸರು ಕೊಟ್ಟು ಬಂದ ಆ ನರಿ ನೆನಪಿದೆಯಾ? ಅದೇ ಜಾತಿ. ಅದರ ಹೊಟ್ಟೆಯಲ್ಲಿದ್ದದ್ದು ಸ್ಪೈವೇರ್, ನಾವು ಒತ್ತುವ ಒಂದೊಂದು ಕೀಲಿಯನ್ನೂ ಕದ್ದು ಅವನಿಗೆ ಕಳಿಸುವ ಕಿವಿ. ಅಮ್ಮನ ಅಭ್ಯಾಸ ನಿನಗೆ ಗೊತ್ತೇ ಇದೆ. ಮೇಲ್ ಆದರೂ ಸರಿ, ಮೇಲೆ ಪೂರ್ತಿ ವಿಳಾಸ ಹಾಕಿಸದೆ ಮುಂದಕ್ಕೆ ಹೋಗಗೊಡುವವಳಲ್ಲ. "ವಿಳಾಸ ಇಲ್ಲದ ಕಾಗದ ದಾರಿ ತಪ್ಪುತ್ತೆ ಕಣೇ" ಅನ್ನುತ್ತಾಳೆ. ಹಾಸ್ಟೆಲು, ಬೀದಿ, ಮಹಡಿ, ರೂಮಿನ ನಂಬರು, ಪ್ರತಿ ಸಲವೂ ಅವಳು ಹೇಳಿದಳು, ನಾನು ಒತ್ತಿದೆ, ಅವನು ಓದಿದ.

ಗಂಡ ಅಂದ ಮಾತ್ರಕ್ಕೆ ಹೆಂಡತಿಯ ತವರಿಗೆ ಕಿವಿ ನೆಡುವ ಹಕ್ಕನ್ನು ಇವನಿಗೆ ಯಾವನು ಬರೆದುಕೊಟ್ಟ? ಠಾಣೆಗೂ ಹೋದೆವು. "ಗಂಡ ಹೆಂಡ್ತಿ ಜಗಳಕ್ಕೆ ಕಂಪ್ಯೂಟರ್ ಯಾಕಮ್ಮ ಹೊತ್ಕೊಂಡು ಬಂದ್ರಿ?" ಅಂದ ಒಬ್ಬ. "ಜಗಳ ಅಲ್ಲ ಸಾರ್, ಕನ್ನ" ಅಂದೆ. ಮುಸಿಮುಸಿ ನಕ್ಕ. ನಮ್ಮ ಹೊಲಿಗೆ ವಿಭಾಗದ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತು ದಾರಿ ಕಟ್ಟಿದ ಮೇಲೆ ನಗು ನಿಂತು ದೂರು ಬರೆದುಕೊಂಡರು. ಆ ಕಿವಿಯನ್ನು ಅಳಿಸಿಲ್ಲ, ಸಾಕ್ಷಿ ಬೇಕಲ್ಲ. ನೆಟ್ಟಿನ ವೈರು ಕಿತ್ತು ಕಂಪ್ಯೂಟರನ್ನು ರಿಪೇರಿ ಅಂಗಡಿಯಲ್ಲೇ ಇಟ್ಟಿದ್ದೇವೆ. ಈಗ ಅಲ್ಲಿಯ ಕಂಪ್ಯೂಟರಿನಲ್ಲಿ ನಮ್ಮ ಮೇಲ್‌ನ ಪಾಸ್‌ವರ್ಡ್ ಬದಲಾಯಿಸಲು ಹೊರಟಿದ್ದೇವೆ. ನೀನೂ ನಿನ್ನದನ್ನು ಬದಲಾಯಿಸಿಬಿಡು.

ಅಮ್ಮನ ಮೇಲಿನ ಗುಮಾನಿ ಬಿಡು ತಾಯೀ. ಅವಳು ಮೋಸ ಹೋದಳು, ಮೋಸ ಮಾಡಲಿಲ್ಲ. ಅವಳ ಆಶೀರ್ವಾದ ನಿನ್ನ ಮೇಲಿದೆ, ನಮ್ಮ ಹೆಂಗಸರ ಕಾವಲೂ ಇದೆ. ತಲೆ ತಗ್ಗಿಸಬೇಡ.

ನಿನ್ನ ಅಕ್ಕ

ತಾ.ಕ.: ಅಂಗಡಿಯಿಂದಲೇ ಬರೆಯುತ್ತಿದ್ದೇನೆ, ಕಾಜಾ ಅಕ್ಕನ ಬಸ್ಸಿಗೆ ಹೊತ್ತಾಯಿತು. ಮೇಲ್ ತೆರೆದು ನೋಡಿದರೆ, ಪಾಸ್‌ವರ್ಡೂ ಅವನ ಕೈಲಿತ್ತು. ಇವತ್ತು ಬೆಳಿಗ್ಗೆ ನನ್ನ ಹೆಸರಿನಲ್ಲಿ ನಿನಗೊಂದು ಮೇಲ್ ಹೋಗಿದೆ. ನಾನು ಕಳಿಸಿದ್ದಲ್ಲ. "ನನ್ನ ಮೊಂಡಿ ತಂಗೀ, ಅಮ್ಮನ ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ, ಕೂಡಲೇ ಹೊರಡು, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ." ಎಲ್ಲ ನನ್ನದೇ ಧಾಟಿ, ನಾನೇ ಬರೆದೆನಾ ಅಂತ ನನಗೇ ಅನುಮಾನ ಬರುವಷ್ಟು. ಹೊರಡಬೇಡ! ನಿಲ್ದಾಣದಲ್ಲಿ ನಿಂತಿರುವುದು ನಾನಲ್ಲ, ಅವನು. ಆ ಮೇಲ್ ಜತೆಗಿರುವ ಆಸ್ಪತ್ರೆ ರಿಪೋರ್ಟನ್ನೂ ತೆರೆಯಬೇಡ, ಅದರೊಳಗೂ ಅದೇ ಕಿವಿ ಇದೆಯಂತೆ. ಮತ್ತೆ ಈ ಕಾಗದವನ್ನು ಹೇಗೆ ನಂಬಲಿ ಅನ್ನುತ್ತೀಯ ಅಲ್ಲವಾ? ಜತೆಗೇ ಬಂದಿರುವ ಅಮ್ಮ ಲಕೋಟೆಗೆ ಗೋಂದು ಹಚ್ಚಲು ಬಿಡುತ್ತಿಲ್ಲ, ಸೂಜಿ ದಾರ ಹಿಡಿದು ಕಾಯುತ್ತಿದ್ದಾಳೆ. ಮೇಲೆ ವಿಳಾಸವೂ ಬೇಡವಂತೆ, ಮೊದಲ ಸಲ! ಇನ್ನು ನಮ್ಮ ಕಾಗದವೆಲ್ಲ ಹೀಗೆ ಹೊಲಿದೇ ಬರುತ್ತದೆ. ಅವಳ ಎಡಗೈ ಹೊಲಿಗೆ ಹೇಗೆ ವಾಲುತ್ತದೆ ಅಂತ ನಿನಗೆ ಗೊತ್ತು. ಅದನ್ನು ಅವಳು ಯಾವ ಕೀಲಿಯಲ್ಲೂ ಒತ್ತಿಲ್ಲ.