ಎಡಗೈಯ ಇಂಗ್ಲಿಷು

ಮನೆಯಿಂದ,
ಏಪ್ರಿಲ್ ಹನ್ನೊಂದು, ಶನಿವಾರ ಬೆಳಿಗ್ಗೆ

ಪ್ರೀತಿಯ ಗುಂಡೂ,

ಹೇಗಿದ್ದೀಯಮ್ಮಾ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಕತ್ತೆಲ್ಲ ಬೆವರುಸಾಲೆ ಎದ್ದಿದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಕೆಲಸದ ಗುಂಗಿನಲ್ಲಿ ಊಟ ಬಿಡಬೇಡ. ಮುಂದಿನ ಬಂದರಿನಲ್ಲಿ ಈ ಕಾಗದ ನಿನ್ನ ಕೈಸೇರಬಹುದು. ನಾನು ಕಲ್ಲುಗುಂಡಿನಂತಿದ್ದೇನೆ. ಬಸ್ ಡಿಪೋದಲ್ಲಿ ದಿನವೂ ಗ್ರೀಸಿನಲ್ಲಿ ಮುಳುಗಿ ಎದ್ದು ಬರುತ್ತೇನೆ. ಅಮ್ಮ ಈಗಲೂ ಬಾಗಿಲಲ್ಲೇ ತಡೆದು ಕೈ ಮೂಸಿ ನೋಡಿಯೇ ಒಳಗೆ ಬಿಡುತ್ತಾಳೆ.

ಅವಳ ವಿಷಯ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅವಳು ನಡೆಸುವ ಟೈಪಿಂಗ್ ಕ್ಲಾಸಿನ ಕಿಟಕಿ ಮುಚ್ಚುವಾಗ ಗಾಜು ಒಡೆದು ಬಲಗೈ ಕುಯ್ದದ್ದು, ಹೊಲಿಗೆ ಹಾಕಿದ್ದು, ಇಷ್ಟು ನಿನಗೆ ಗೊತ್ತು. ಗಾಯವೇನೋ ಮಾಯಿತು, ಆದರೆ ಬೆರಳುಗಳು ಮಡಚಲಿಲ್ಲ. ಒಳಗಿನ ನರಗಳು ಒಂದಕ್ಕೊಂದು ಅಂಟಿಕೊಂಡಿವೆ, ಇನ್ನೊಂದು ಸಲ ಬಿಡಿಸಿ ಸರಿಮಾಡಬೇಕು, ಆದರೂ ಪೂರ್ತಿ ಭರವಸೆ ಕೊಡಲಾರೆ ಎಂದರು ಡಾಕ್ಟರು. ಅಮ್ಮ ಖಡಾಖಂಡಿತ ಒಲ್ಲೆನೆಂದಳು. "ಒಂದು ಸಲ ಕುಯ್ಸಿಕೊಂಡಿದ್ದು ಸಾಕು. ಇರೋದ್ರಲ್ಲೇ ಬದುಕ್ತೀನಿ." ಕ್ಲಾಸಿಗೆ ಬೀಗ ಬಿತ್ತು. ಮನೆಯ ಟೈಪ್‌ರೈಟರಿಗೆ ಹಳೆಯ ಬೆಡ್‌ಶೀಟು ಹೊದಿಸಿಟ್ಟಳು. ಮನೆಯಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿಯೇ ಇರಲಿಲ್ಲ. ಮದುವೆಯಾದಾಗಿನಿಂದ ಆ ಟಕಟಕ ಸದ್ದಿಗೇ ನಿದ್ದೆ ಮಾಡಿದವನು ನಾನು.

ಒಂದು ಸಂಜೆ ಡಿಪೋದಿಂದ ಬಂದಾಗ ಬೆಡ್‌ಶೀಟು ಕುರ್ಚಿಯ ಮೇಲಿತ್ತು. ಅಮ್ಮ ಎಡಗೈ ಒಂದರಲ್ಲೇ ಏನನ್ನೋ ಹೊಡೆಯುತ್ತಿದ್ದಳು. ಅವಳ ನಿಯಮ ನಿನಗೆ ನೆನಪಿರಬೇಕು: ಅಕ್ಷರಕ್ಕೊಂದು ಬೆರಳು ಗೊತ್ತುಮಾಡಿದೆ, ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕುವಂತಿಲ್ಲ. ಹಾಗಾದರೆ ಎಡಗೈಯ ಪಾಲಿಗೆ ಬಂದ ಅಕ್ಷರಗಳಿಂದಲೇ ಎಷ್ಟು ಉದ್ದದ ಪದ ಹುಟ್ಟುತ್ತದೆ ಎಂದು ನೋಡುತ್ತಿದ್ದಳು. ಹಾಳೆಯ ಮೇಲೆ ರೈಲಿನಂಥ ಒಂದು ಪದ. "ಸ್ಟೂವರ್ಡೆಸಸ್" ಎಂದು ಓದಿದಳು. ವಿಮಾನದಲ್ಲಿ ಉಪಚರಿಸುವ ಹೆಂಗಸರಂತೆ. ಅಷ್ಟೂ ಜನ ಗಗನಸಖಿಯರು ಒಂದೇ ಕೈಯಲ್ಲಿ ಕೂತಿದ್ದಾರೆ! ಮಾರನೆಯ ದಿನ "ರಿವರ್ಬರೇಟೆಡ್" ಬಂತು, ಅಂದರೆ ಮಾರ್ದನಿಸಿತು. ಆಮೇಲೆ "ಎಕ್ಸಾಜರೇಟೆಡ್", ಇದ್ದದ್ದಕ್ಕೆ ಉಪ್ಪುಖಾರ ಹಚ್ಚಿ ಹೇಳಿದ್ದು. ಅದರ ಅರ್ಥ ಹೇಳುವಾಗ ನಿನ್ನ ಸೋದರತ್ತೆಯ ಹೆಸರು ಬಾಯಿಗೆ ಬಂದು ಅಮ್ಮ ತಾನೇ ನಕ್ಕಳು. "ಆಫ್ಟರ್‌ಎಫೆಕ್ಟ್ಸ್" ಎಂದರೆ ಒಂದು ಘಟನೆ ಮುಗಿದ ಮೇಲೂ ಉಳಿಯುವ ಪರಿಣಾಮಗಳಂತೆ. ಅದಕ್ಕೆ ಮಾತ್ರ ನಗಲಿಲ್ಲ, ಬಲಗೈಯನ್ನು ಸೆರಗಿನೊಳಗೆ ಸರಿಸಿಕೊಂಡಳು.

ನನಗೆ ಸ್ಪ್ಯಾನರಿನ ಮೇಲಿನ ನಂಬರು ಓದುವಷ್ಟು ಇಂಗ್ಲಿಷು ಸಾಕಾಗಿತ್ತು ಗುಂಡೂ. ಆದರೆ ಆ ದಿನಗಳಲ್ಲಿ ಡಿಪೋದ ಗಂಟೆ ಹೊಡೆದರೆ ಸಾಕು, ಇವತ್ತು ಯಾವ ಪದ ಹುಟ್ಟಿರಬಹುದು ಎಂದು ಮನೆಗೆ ಓಡಿಬರುತ್ತಿದ್ದೆ. ಅರ್ಧ ಕೀಲಿಗಳಿಂದ ಆಕೆ ಒಂದು ಲೋಕವನ್ನೇ ಎಬ್ಬಿಸುತ್ತಿದ್ದಳು. ನೀರು ಅಲ್ಲಿತ್ತು, ಚಹಾ ಅಲ್ಲಿತ್ತು, ಮರುಭೂಮಿ ಇತ್ತು, ಜಾದೂಗಾರನ "ಅಬ್ರಕಡಬ್ರ" ಕೂಡ ಇತ್ತು. ಎಂಜಿನ್ನಿನ ಅರ್ಧ ಭಾಗ ಬಿಚ್ಚಿಟ್ಟರೂ ಬಸ್ಸು ಓಡುವುದನ್ನು ನೋಡಿದಂತೆ ಬಾಯಿ ತೆರೆದು ಕೂರುತ್ತಿದ್ದೆ.

ಆ ಹುರುಪಿನಲ್ಲೇ ಒಮ್ಮೆ ನಾನು ಪೆದ್ದನಂತೆ ಕೇಳಿಬಿಟ್ಟೆ: "ಇಷ್ಟುದ್ದದ್ದೆಲ್ಲ ಯಾಕೆ? ಚಿಕ್ಕದು ಹೊಡಿ. ನಾನು ಅಂತ ಹೊಡಿ, ನೀನು ಅಂತ ಹೊಡಿ."

ಅವಳ ಕೈ ನಿಂತಿತು. "ಅವೆರಡೂ ಆ ಕಡೇವು" ಎಂದಳು. ನಾನು ಎನ್ನುವ 'ಐ' ಬಲಗೈಯ ಅಕ್ಷರ. ನೀನು ಎನ್ನುವ 'ಯು' ಪದದ ಮೂರಕ್ಕೆ ಮೂರೂ ಅಕ್ಷರ ಬಲಗೈಯವು. ಬೇಡ ಎನ್ನುವ 'ನೋ' ಕೂಡ ಅಲ್ಲೇ. ಎಡಗೈಗೆ ಬಂದದ್ದು ನಾವು ಎನ್ನುವ 'ವಿ' ಮಾತ್ರ. ಅವಳು ಕಣ್ಣು ಮುಚ್ಚಿ ಆ ಕಡೆಯ ಪದಗಳನ್ನು ಹೇಳುತ್ತಾ ಹೋದಳು, ಊರು ಬಿಟ್ಟುಹೋದ ನೆಂಟರನ್ನು ಕರೆದಂತೆ. ಹಾಲು, ಚಂದ್ರ, ಕುಂಬಳಕಾಯಿ, ಲಾಲಿಪಾಪ್. "ಪಾಲಿಫೋನಿ" ಎಂದರೆ ಹಲವು ದನಿಗಳು ಒಂದೊಂದೂ ತನ್ನದೇ ದಾರಿಯಲ್ಲಿ ಹಾಡುತ್ತ ಒಟ್ಟಾಗುವುದಂತೆ. ಕೊನೆಗೆ "ಇನ್ ಮೈ ಒಪೀನಿಯನ್" ಎಂದಳು. ನನ್ನ ಅಭಿಪ್ರಾಯದಲ್ಲಿ, ಎಂದು. ಪೂರ್ತಿ ಸಾಲೇ ಬಲಗೈಯದು!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅಭಿಪ್ರಾಯ ಹೇಳುವವರು ಇನ್ಯಾರಿದ್ದಾರೆ? ಅವಳು ಬಹಳ ಹೊತ್ತು ಆ ಸೆಟೆದ ಬೆರಳುಗಳನ್ನು ನೋಡುತ್ತ ಕೂತಳು. ಬೆಳಿಗ್ಗೆ ಎದ್ದವಳೇ, "ಡಾಕ್ಟರಿಗೆ ಫೋನ್ ಮಾಡಿ. ನಾನು ಅಂತ ಬರೆಯೋಕಾಗದೆ ಎಷ್ಟು ದಿನ ಇರ್ಲಿ?" ಎಂದಳು.

ಆಪರೇಷನ್ ಆಯಿತು ಮಗಳೇ. ಹೋದ ವಾರ ಕಟ್ಟು ಬಿಚ್ಚಿದರು. "ಮಡಚಿ" ಎಂದರು ಡಾಕ್ಟರು. ತೋರುಬೆರಳು ನಡುಗಿತು, ಬಾಗಿತು. ಅದರ ಹಿಂದೆಯೇ ನಡುಬೆರಳು. ಇಷ್ಟು ವರ್ಷ ಎಷ್ಟೋ ಸತ್ತ ಎಂಜಿನ್ನು ಕೆಮ್ಮಿ ಎದ್ದದ್ದನ್ನು ಕೇಳಿದ್ದೇನೆ, ಈ ಸದ್ದಿಲ್ಲದ ಕದಲಿಕೆಯ ಮುಂದೆ ಅದೆಲ್ಲ ಏನೂ ಅಲ್ಲ. ಹಿಂದೆ ಮುಂದೆ ನೋಡದೆ ಪಕ್ಕದ ರೋಗಿಯ ಮಂಚದ ಮೇಲೆ ಕೂತುಬಿಟ್ಟೆ. ಪುಣ್ಯಾತ್ಮ ಬೈಯಲಿಲ್ಲ, ಸರಿದು ಜಾಗ ಕೊಟ್ಟ.

ಅಲೆಗಳ ಮೇಲೆ ಜೋಪಾನ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈಯೂ ಇದೆ ಎಂದುಕೋ.

ನಿನ್ನ
ಅಪ್ಪ

ಮರೆತ ಮಾತು: ಅಂಚೆಗೆ ಹೊತ್ತಾಯಿತು, ಬೇಗ ಹೇಳುತ್ತೇನೆ. ಉಂಗುರದ ಬೆರಳು, ಕಿರುಬೆರಳು ಇನ್ನು ಬರುವುದಿಲ್ಲ ಎಂದಿದ್ದಾರೆ. ಅಮ್ಮನಿಗೂ ಗೊತ್ತು. ಒಂದು ಸಂಜೆ ಅತ್ತಳು. ಅಲ್ಲಿಗೆ ಆ ಎರಡು ಬೆರಳಿನ 'ಓ', 'ಎಲ್', 'ಪಿ' ಹೋದವು, ನಡುವಿನ 'ಓ' ಇಲ್ಲದೆ 'ಯು' ಪದ ಮತ್ತೆ ಕುಂಟಿತು. ಬೇರೆ ಬೆರಳಲ್ಲಿ ಹೊಡಿ ಎಂದರೆ, ಶಿಷ್ಯರಿಗೆ ಯಾವ ಮುಖ ತೋರಿಸಲಿ ಎಂದು ನನ್ನ ಮೇಲೇ ಹರಿಹಾಯ್ದಳು. ನಿನ್ನೆ ತನ್ನ ಬಲಕ್ಕೆ ಇನ್ನೊಂದು ಕುರ್ಚಿ ಎಳೆದು, "ಕೈ ಸೋಪು ಹಾಕಿ ತೊಳ್ಕೊಂಡು ಬನ್ನಿ" ಎಂದು ಕರೆದಳು. ಆ ಮೂರು ಅಕ್ಷರ ಈಗ ನನ್ನವು. ಅವಳು ನಿಲ್ಲುತ್ತಾಳೆ, ನಾನು ಒತ್ತುತ್ತೇನೆ, ಅವಳು ಮುಂದೆ ಹೋಗುತ್ತಾಳೆ. ಮುಂದಿನ ಕಾಗದ ಅವಳೇ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾಳೆ. ಅದರಲ್ಲಿ 'ಓ' ಇರಬೇಕಾದ ಕಡೆಯೆಲ್ಲ ಹಾಳೆ ತೂತಾಗಿದ್ದರೆ ಗಾಬರಿಯಾಗಬೇಡ, ಅದು ನನ್ನ ಬೆರಳು.